ದಕ್ಷಿಣಚಿತ್ರದಲ್ಲಿ ನಮ್ಮ ಮನೆ ಎಲ್ಲಿದೆ?

ಒಂದು ಮದುವೆಯ ಹೇಳಿಕೆಗೆ ನಾನೂ ನನ್ನ ಹೆಂಡತಿಯೂ ಚೆನ್ನೈಗೆ ಹೋಗಿದ್ದೆವು. ಮದುವೆಯ ಮರುದಿನ ವಾಪಸು ರೈಲು ಇದ್ದದ್ದು ರಾತ್ರಿಗೆ. ಇಡೀ ಹಗಲು ಎಂತ ಮಾಡುವುದು? ಸಮುದ್ರ ತೋರಿಸುತ್ತೇವೆ ಎಂದರು ನೆಂಟರು. ಕಾಸರಗೋಡಿನವರಿಗೆ ಸಮುದ್ರ ಬೇರೆ ತೋರಿಸಬೇಕೇ ಎಂದು ನಾವು ನಕ್ಕೆವು. ಕೊನೆಗೆ ಅವರೇ, "ಹಳೆ ಮನೆಗಳನ್ನು ಬಿಚ್ಚಿ ತಂದು ನಿಲ್ಲಿಸಿದ ಜಾಗ ಒಂದುಂಟು, ನಿಮ್ಮಂಥವರಿಗೆ ಹಿಡಿಸೀತು" ಎಂದು ಮುಟ್ಟುಕಾಡಿಗೆ ಕರೆದುಕೊಂಡು ಹೋದರು.

ಮುಟ್ಟುಕಾಡು ಚೆನ್ನೈಯಿಂದ ದಕ್ಷಿಣಕ್ಕೆ, ಪೂರ್ವ ಕರಾವಳಿ ರಸ್ತೆಯಲ್ಲಿ ಸುಮಾರು 25 ಕಿ.ಮೀ. ದೂರ. ಅಲ್ಲಿರುವುದೇ 'ದಕ್ಷಿಣಚಿತ್ರ'. 1984ರಲ್ಲಿ ಹುಟ್ಟಿದ ಮದ್ರಾಸ್ ಕ್ರಾಫ್ಟ್ ಫೌಂಡೇಶನ್ ಇದನ್ನು ನಡೆಸುತ್ತದೆ. ಸ್ಥಾಪಕಿ ಡೆಬೊರಾ ತ್ಯಾಗರಾಜನ್. ಜನರಿಗೆ ತೆರೆದದ್ದು 1996ರ ಡಿಸೆಂಬರಿನಲ್ಲಿ. ಹತ್ತು ಎಕರೆ ಜಾಗ, ಹದಿನೆಂಟು ಹಳೆ ಮನೆಗಳು. ಜಾಗದ ಮೊದಲ ನಕ್ಷೆಯಲ್ಲಿ ಲಾರಿ ಬೇಕರ್ ಅವರ ಕೈ ಇತ್ತು. ಕಡಿಮೆ ಖರ್ಚಿನಲ್ಲಿ ಇಟ್ಟಿಗೆ ಮನೆ ಕಟ್ಟಿ ತೋರಿಸಿದ ಬೇಕರ್ ಅವರ ಹೆಸರು ಕೇರಳದಲ್ಲಿ ಶಾಲೆ ಕಲಿತ ನಮಗೆಲ್ಲ ಗೊತ್ತಿದ್ದದ್ದೇ.

ಇಂಥ ಬಯಲು ಮ್ಯೂಸಿಯಂ ಎಂಬ ಯೋಚನೆ ನಮ್ಮ ದೇಶದ್ದಲ್ಲ. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಆರ್ತುರ್ ಹಾಸೇಲಿಯುಸ್ ಎಂಬವರು 1891ರಲ್ಲಿ 'ಸ್ಕಾನ್ಸೆನ್' ಎಂಬುದನ್ನು ತೆರೆದರು. ಕಾರ್ಖಾನೆಗಳು ಬಂದು ಹಳ್ಳಿಯ ಬದುಕು ಬದಲಾಗುತ್ತಿದ್ದ ಕಾಲ ಅದು. ದೇಶದ ಬೇರೆ ಬೇರೆ ಕಡೆಯ ಮರದ ಮನೆಗಳನ್ನು ಬಿಚ್ಚಿ ತಂದು ಒಂದು ಗುಡ್ಡದ ಮೇಲೆ ನಿಲ್ಲಿಸಿದರು. ಪೋಲೆಂಡಿನಂಥ ದೇಶಗಳಲ್ಲಿ ಇಂದಿಗೂ ಬಯಲು ಮ್ಯೂಸಿಯಮ್ಮಿಗೆ 'ಸ್ಕಾನ್ಸೆನ್' ಎಂದೇ ಹೇಳುತ್ತಾರಂತೆ. ಮನೆ ಬೀಳುವ ಕಾಲದಲ್ಲಿಯೇ ಮನೆಯ ಮ್ಯೂಸಿಯಂ ಹುಟ್ಟುತ್ತದೆ. ಈ ಮಾತನ್ನು ನೆನಪಿಡಿ, ಮುಂದೆ ನನ್ನ ಮೇಲೆಯೇ ತಿರುಗುತ್ತದೆ.

ಒಳಗೆ ಹೋದರೆ ತಮಿಳುನಾಡು, ಕೇರಳ, ಕರ್ನಾಟಕ, ಆಂಧ್ರ ಎಂದು ರಾಜ್ಯದ ಪ್ರಕಾರ ಮನೆಗಳನ್ನು ಪಾಲು ಮಾಡಿ ಇಟ್ಟಿದ್ದಾರೆ. ನಾನು ನೆಟ್ಟಗೆ ಕರ್ನಾಟಕದ ಕಡೆಗೆ ನಡೆದೆ. ಕನ್ನಡದವ, ಮತ್ತೆ ಎಲ್ಲಿಗೆ ಹೋಗುವುದು? ಹೆಂಡತಿ, "ನಾನು ಇತ್ಲಾಗಿ ನೋಡಿ ಬರ್ತೇನೆ" ಎಂದು ಕೇರಳದ ಕಡೆಗೆ ಹೋದಳು.

ಕರ್ನಾಟಕದ ಪಾಲಿನಲ್ಲಿ ಇಳಕಲ್ಲಿನ ನೇಕಾರರ ಮನೆ ಉಂಟು, ಚಿಕ್ಕಮಗಳೂರಿನ ಒಂದು ಮನೆಯೂ ಉಂಟು. ಇಳಕಲ್ ಮನೆಯಲ್ಲಿ ತುಂಬಾ ಹೊತ್ತು ನಿಂತೆ. ಕಲ್ಲಿನ ಗೋಡೆಗೆ ಕೈ ಇಟ್ಟು ನೋಡಿದೆ. ಒಳ್ಳೆ ಮನೆ. ಆದರೆ ಸತ್ಯ ಹೇಳಬೇಕು: ಅದು ನನಗೆ ಪರಿಚಯದ ಮನೆಯಲ್ಲ. ಆ ಸೀಮೆಯಲ್ಲಿ ಮಳೆ ಕಡಿಮೆ. ಕಲ್ಲು ಗೋಡೆ, ಮೇಲೆ ಮಣ್ಣಿನ ಮಾಳಿಗೆ ಸಾಕು. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ನಮ್ಮೂರಲ್ಲಿ ಮಣ್ಣಿನ ಮಾಳಿಗೆ ಕಟ್ಟಿದರೆ ಜುಲೈ ತಿಂಗಳಿಗೆ ಮಾಳಿಗೆ ನಮ್ಮ ತಲೆ ಮೇಲೆ ಇರುತ್ತದೆ. ಅಲ್ಲಿನ ಭಾಷೆ ನನ್ನದು, ಮನೆ ನನ್ನದಲ್ಲ. ಸ್ವಲ್ಪ ಪೆಚ್ಚಾದ ಹಾಗಾಯಿತು.

ಅಷ್ಟರಲ್ಲಿ ಹೆಂಡತಿಯ ಫೋನು. "ಬೇಗ ಬನ್ನಿ ಇಲ್ಲಿ. ನಮ್ಮ ಹಳೆ ಮನೆ ಇಲ್ಲಿ ಉಂಟು."

ಹೋಗಿ ನೋಡಿದೆ. ಕೇರಳದ ಪಾಲಿನಲ್ಲಿ ಕೋಟ್ಟಯಂ ಜಿಲ್ಲೆಯ ಪುದುಪ್ಪಳ್ಳಿಯಿಂದ ತಂದ ಸಿರಿಯನ್ ಕ್ರೈಸ್ತರ ಮನೆ ಉಂಟು, 1850ರದ್ದು. ಭತ್ತ ತುಂಬಿಡುವ 'ಅರ' ಎಂಬ ಮರದ ಕೋಣೆ ಆ ಮನೆಯ ಮುಖ್ಯ ಭಾಗ. ಆಚೆಗೆ ಕೋಝಿಕ್ಕೋಡಿನ ಎರಡು ಮಾಳಿಗೆಯ ಮನೆ. ಹೆಂಡತಿ ನಿಂತದ್ದು ಅಲ್ಲಿ. ಇಳಿಜಾರು ಮಾಡು, ತಲೆ ತಗ್ಗಿಸಿ ಒಳಗೆ ಹೋಗಬೇಕಾದಷ್ಟು ಕೆಳಗೆ ಬಂದ ಸೂರಂಚು, ಜಗಲಿ, ಕರಿ ಕೆಂಪಾದ ಮರ. ಅವಳ ತವರಿನದ್ದಲ್ಲ, ನನ್ನ ಮೂಲ ಮನೆಯದ್ದಲ್ಲ. ಆದರೂ ಕಣ್ಣು ಮುಚ್ಚಿದರೆ ಎಲ್ಲಿ ಮೆಟ್ಟಿಲು, ಎಲ್ಲಿ ಅಡುಗೆ ಕೋಣೆ ಎಂದು ಕಾಲಿಗೆ ಗೊತ್ತಾಗುತ್ತಿತ್ತು.

ಮೊದಲು ಆ ಜಾಗದ ಒಳ್ಳೆಯದನ್ನು ಹೇಳಿಬಿಡುತ್ತೇನೆ, ಅದು ನ್ಯಾಯ. ಅಲ್ಲಿಗೆ ತಂದದ್ದು ನಕಲು ಮಾಡಿದ ಮನೆಗಳಲ್ಲ. ಯಜಮಾನರು ಕೆಡವಲಿಕ್ಕೆಂದೇ ಬಿಟ್ಟಿದ್ದ ಮನೆಗಳನ್ನು ಕೊಂಡು, ಬಿಚ್ಚಿ, ಸಾಗಿಸಿ, ಆಯಾ ಸೀಮೆಯ ಕೆಲಸಗಾರರಿಂದಲೇ ಮತ್ತೆ ಕಟ್ಟಿಸಿದ್ದಾರೆ. ಇದು ಸಾಧ್ಯವಾದದ್ದು ಆ ಮನೆಗಳನ್ನು ಮೊದಲು ಕಟ್ಟಿದ ಆಚಾರಿಗಳ ಬುದ್ಧಿಯಿಂದ. ಹಳೆ ಮರದ ಕೆಲಸದಲ್ಲಿ ಕಬ್ಬಿಣದ ಮೊಳೆ ಅಪರೂಪ. ಒಂದು ಮರದ ಮೂತಿ ಇನ್ನೊಂದರ ತೂತಿನೊಳಗೆ ಕೂರುತ್ತದೆ, ಅಡ್ಡಕ್ಕೆ ಒಂದು ಮರದ ಗೂಟ. ಗೂಟ ತೆಗೆದರೆ ಮನೆ ಬಿಚ್ಚುತ್ತದೆ. ತುಂಡು ತುಂಡಿಗೆ ಗುರುತು ಹಾಕಿದರೆ ಬೇರೆ ಕಡೆ ಮತ್ತೆ ಕೂಡಿಸಬಹುದು. ಒಂದು ಪಕ್ಕಾಸು ಗೆದ್ದಲು ಹಿಡಿದರೆ ಅದೊಂದನ್ನು ತೆಗೆದು ಬೇರೆ ಹಾಕಬಹುದು. ಈಗ ನಾನು ಇರುವ ಕಾಂಕ್ರೀಟ್ ಮನೆಯನ್ನು ಯಾವ ಮ್ಯೂಸಿಯಮ್ಮಿಗೂ ಕೊಂಡುಹೋಗುವ ಹಾಗಿಲ್ಲ. ಒಡೆದರೆ ಅದು ಬರೀ ಕಲ್ಲುಮಣ್ಣು.

ಇನ್ನೊಂದು ಒಳ್ಳೆಯದು: ಅಲ್ಲಿ ದೊಡ್ಡವರ ಮನೆ ಮಾತ್ರ ಇಲ್ಲ. ಚೆಟ್ಟಿನಾಡಿನ ವ್ಯಾಪಾರಿಯ ಮನೆಯ ಜೊತೆಗೆ ಕುಂಬಾರರ ಮನೆ, ಬುಟ್ಟಿ ಹೆಣೆಯುವವರ ಮನೆ, ರೈತರ ಮನೆ, ನೇಕಾರರ ಮನೆ ಇದೆ. ಮರದ ಕೆತ್ತನೆ ನೋಡಿ ಬಾಯಿ ಬಿಟ್ಟು ನಿಲ್ಲುವವರಿಗೆ, ಕೆತ್ತನೆ ಮಾಡಿಸಲಿಕ್ಕೆ ಗತಿ ಇಲ್ಲದವರೂ ಮನೆ ಕಟ್ಟಿಕೊಂಡಿದ್ದರು ಎಂದು ನೆನಪಾಗುತ್ತದೆ.

ಈಗ ನನ್ನ ತಕರಾರು. ನಮ್ಮ ಮನೆ ಅಲ್ಲಿ ಇಲ್ಲ ಎಂಬುದು ತಕರಾರಲ್ಲ. ಹದಿನೆಂಟು ಮನೆಗಳಲ್ಲಿ ಇಡೀ ದಕ್ಷಿಣ ಭಾರತವನ್ನು ತುಂಬಿಸಲಿಕ್ಕೆ ಯಾರಿಂದಲೂ ಆಗದು. ತಕರಾರು ಇರುವುದು ವಿಂಗಡಣೆಯ ಬಗ್ಗೆ. ಮನೆಗಳನ್ನು ರಾಜ್ಯದ ಹೆಸರಿನ ಕೆಳಗೆ ಇಟ್ಟರೆ, ನೋಡುವ ಮಗುವಿಗೆ ಒಂದು ಪಾಠ ಹೇಳಿದ ಹಾಗಾಗುತ್ತದೆ: ಮನೆಯ ರೂಪವನ್ನು ನಿರ್ಧರಿಸುವುದು ರಾಜ್ಯ, ಕನ್ನಡದವರ ಮನೆ ಹೀಗೆ, ಮಲಯಾಳಿಗಳ ಮನೆ ಹಾಗೆ. ಅದು ಸರಿಯಾದ ಪಾಠವಲ್ಲ.

ಲೆಕ್ಕ ಹಾಕಿ ನೋಡಿ. ಭಾಷಾವಾರು ರಾಜ್ಯಗಳಾದದ್ದು 1956ರ ನವೆಂಬರ್ 1ರಂದು. ಅದರ ಹಿಂದಿನ ದಿನದವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಪುದುಪ್ಪಳ್ಳಿಯ ಮನೆಗೆ ಆಗ ನೂರು ವರ್ಷ ದಾಟಿತ್ತು. ಅಲ್ಲಿ ನಿಂತಿರುವ ಹಳೆ ಮನೆಗಳನ್ನು ಕಟ್ಟಿದವರಿಗೆ ಈ ರಾಜ್ಯಗಳ ಹೆಸರಿನ ಗಡಿಯೇ ಗೊತ್ತಿರಲಿಲ್ಲ. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಎಂದು ಹೇಳಿತು. ಅದು ಜಾರಿಗೆ ಬರಲಿಲ್ಲ, ಆ ಕಥೆ ನಮಗೆಲ್ಲ ಬಾಯಿಪಾಠ. ಒಂದು ವೇಳೆ ಬಂದಿದ್ದರೆ? ನಮ್ಮ ಚಾವಡಿಯ ಕಂಬ ಒಂದು ಇಂಚು ಕೂಡ ಕದಲುತ್ತಿರಲಿಲ್ಲ. ಮ್ಯೂಸಿಯಮ್ಮಿನ ಹಲಗೆ ಮಾತ್ರ ಬದಲಾಗುತ್ತಿತ್ತು.

ಹಾಗಾದರೆ ಮನೆಯ ರೂಪ ಯಾವುದರಿಂದ? ಮೊದಲು ಮಳೆಯಿಂದ. ಕಾರವಾರದಿಂದ ತಿರುವನಂತಪುರದವರೆಗೆ ಮಾಡು ಕಡಿದಾಗಿರುವುದು, ಸೂರು ತಗ್ಗಿರುವುದು ಮಳೆಯ ಆಜ್ಞೆಯಿಂದ. ಎರಡನೆಯದು ಕಲ್ಲು. ನಾವು ಮುರಕಲ್ಲು ಎನ್ನುವ ಕೆಂಪು ಕಲ್ಲಿಗೆ 'ಲ್ಯಾಟರೈಟ್' ಎಂದು ಹೆಸರಿಟ್ಟವನು ಬುಕನನ್. 1807ರಲ್ಲಿ ಪ್ರಕಟವಾದ ಅವನ ಪ್ರವಾಸದ ಪುಸ್ತಕದಲ್ಲಿ ಅದರ ವರ್ಣನೆ ಇದೆ. ಅವನು ನೋಡಿದ್ದು ಮಲಬಾರಿನ ಅಂಗಾಡಿಪ್ಪುರದ ಕಲ್ಲನ್ನು. ಅದೇ ಕಲ್ಲು ನಮ್ಮ ಗುಡ್ಡದಲ್ಲಿ, ಅದೇ ಕಲ್ಲು ಮಂಗಳೂರಿನಲ್ಲಿ. ಮೂರನೆಯದು ಮರ. ಹಿತ್ತಿಲಿನ ಹಲಸೇ ಬಾಗಿಲು, ಹಲಸೇ ಕಂಬ. ಕಡಿದಾಗ ಅರಸಿನ ಬಣ್ಣ, ಎರಡು ತಲೆಮಾರು ಕಳೆದರೆ ಕರಿ ಕೆಂಪು. ನಾಲ್ಕನೆಯದು ಹೆಂಚು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು, ಆಮೇಲೆ ಕೋಝಿಕ್ಕೋಡಿನಲ್ಲಿಯೂ ಹಾಕಿದರು. ಮುಳಿಹುಲ್ಲು, ಮಡಲು, ಸೋಗೆ ಹೊದೆಸುತ್ತಿದ್ದ ಮಾಡುಗಳು ಎರಡೂ ಕಡೆ ಒಂದೇ ಕಾಲಕ್ಕೆ ಕೆಂಪಾದವು.

ಐದನೆಯದು ಕುಟುಂಬದ ಕಟ್ಟುಪಾಡು. ನಮ್ಮಲ್ಲಿ ಅಳಿಯಸಂತಾನ, ತೆಂಕಿನಲ್ಲಿ ಮರುಮಕ್ಕತ್ತಾಯಂ. ಹೆಸರು ಎರಡು, ರೀತಿ ಹೆಚ್ಚುಕಡಿಮೆ ಒಂದೇ. ಹೆಣ್ಣುಮಕ್ಕಳು ತಾಯಿಮನೆಯಲ್ಲಿಯೇ ಹಕ್ಕುದಾರರು, ಆಸ್ತಿ ಪಾಲಾಗದೆ ಒಟ್ಟಿಗೆ ಇರಬೇಕು. ಅಂಥ ಸಂಸಾರಕ್ಕೆ ನಡುವೆ ಅಂಗಳ, ಸುತ್ತ ಕೋಣೆ, ಎಲ್ಲರ ಭತ್ತಕ್ಕೆ ಒಂದೇ ಪತ್ತಾಯ ಇರುವ ದೊಡ್ಡ ಮನೆಯೇ ಬೇಕು. ಗುತ್ತಿನ ಮನೆಗೂ ತರವಾಡು ಮನೆಗೂ ಇರುವ ಹೋಲಿಕೆ ಆಕಸ್ಮಿಕ ಅಲ್ಲ.

ತಮಾಷೆ ಎಂದರೆ, ಇದಕ್ಕಿಂತ ಒಳ್ಳೆಯ ವಿಂಗಡಣೆ ಆ ಮ್ಯೂಸಿಯಮ್ಮಿನ ಒಳಗೆಯೇ ಉಂಟು. ಮನೆಗಳನ್ನು ಆರಿಸುವಾಗ ಅವರು ಕಸುಬು ನೋಡಿದ್ದಾರೆ: ನೇಯುವವನ ಮನೆ, ಮಡಕೆ ಮಾಡುವವನ ಮನೆ, ಬೇಸಾಯದವನ ಮನೆ ಎಂದು. ಕಾಂಚೀಪುರದ ನೇಕಾರನ ಮನೆಯನ್ನೂ ಇಳಕಲ್ಲಿನವನದ್ದನ್ನೂ ಒಟ್ಟಿಗೆ ನೋಡಿದರೆ, ಮಗ್ಗ ಎಲ್ಲಿ ಕೂರುತ್ತದೆ, ಬೆಳಕು ಎಲ್ಲಿಂದ ಬರುತ್ತದೆ, ಹೆಂಗಸರು ಎಲ್ಲಿ ಕೆಲಸ ಮಾಡುತ್ತಾರೆ ಎಂದು ಹೋಲಿಸಿ ಕಲಿಯಬಹುದು. ರಾಜ್ಯದ ಹಲಗೆ ಆ ಎರಡು ಮನೆಗಳನ್ನು ದೂರ ಮಾಡುತ್ತದೆ.

ಮಣಿಪಾಲದ ಹಸ್ತಶಿಲ್ಪ ಪರಂಪರೆ ಗ್ರಾಮವನ್ನು ಇದರ ಪಕ್ಕಕ್ಕಿಟ್ಟು ನೋಡಬೇಕು. ವಿಜಯನಾಥ ಶೆಣೈ ಅವರು ಬ್ಯಾಂಕಿನ ಕೆಲಸದಲ್ಲಿದ್ದುಕೊಂಡು ಹಳೆ ಮನೆಗಳ ಹುಚ್ಚು ಹತ್ತಿಸಿಕೊಂಡು ಕಟ್ಟಿದ ಜಾಗ ಅದು. 2017ರಲ್ಲಿ ಅವರು ತೀರಿಕೊಂಡರು. ಅಲ್ಲಿ ಕುಂಜೂರು ಚೌಕಿಮನೆ, ಹರ್ಕೂರು ಒಳಗಿನಮನೆ, ಮಿಯಾರು ಮನೆ ಎಂದು ಮನೆಗೆ ಅದರ ಊರಿನ ಹೆಸರೇ ಉಳಿದಿದೆ. ನಮ್ಮಲ್ಲಿ ಮನುಷ್ಯರನ್ನು ಕೂಡ ಮನೆಯ ಹೆಸರಿನಿಂದ ಗುರುತಿಸುವುದಲ್ಲವೇ? ಅದು ಸರಿಯಾದ ಕ್ರಮ ಎಂದು ನನಗೆ ಕಂಡಿತು. ಆದರೆ ಅಲ್ಲಿಯೂ ಒಂದು ಕೊರತೆ: ಅರಮನೆಯ ದರ್ಬಾರು, ಶ್ರೀಮಂತರ ಚೌಕಿ, ನವಾಬರ ಮಹಲು ಕಣ್ಣಿಗೆ ರಾಚುವಷ್ಟು ಉಂಟು; ಆ ಮನೆಗಳ ಗದ್ದೆಯಲ್ಲಿ ದುಡಿದವರ ಹುಲ್ಲುಮನೆಗೆ ಅಷ್ಟು ಜಾಗ ಸಿಕ್ಕಿಲ್ಲ. ಈ ವಿಷಯದಲ್ಲಿ ಮುಟ್ಟುಕಾಡೇ ಮೇಲು. ಹಲಸಿನ ಕಂಬ ಇನ್ನೂರು ವರ್ಷ ನಿಲ್ಲುತ್ತದೆ, ಮಡಲಿನ ಮಾಡನ್ನು ವರ್ಷ ವರ್ಷ ಹೊದೆಸಬೇಕು. ಹಾಗಾಗಿ ಉಳಿದದ್ದನ್ನು ಮಾತ್ರ ಕೂಡಿಸಿದರೆ ಉಳ್ಳವರ ಮನೆ ಮಾತ್ರ ಉಳಿಯುತ್ತದೆ. ಉಳಿಯದ್ದನ್ನು ಹೊಸತಾಗಿಯಾದರೂ ಕಟ್ಟಿ ತೋರಿಸಬೇಕು.

ಇಷ್ಟೆಲ್ಲ ಹೇಳುವ ನನ್ನ ಯೋಗ್ಯತೆ ಏನು? ಅದನ್ನೂ ಹೇಳಬೇಕು, ಇಲ್ಲವಾದರೆ ಈ ವಿಮರ್ಶೆ ಅರ್ಧ ಆಗುತ್ತದೆ.

ನಮ್ಮ ಮೂಲ ಮನೆ ಪಾಲಾಯಿತು. ಕೇರಳದಲ್ಲಿ ಒಟ್ಟುಕುಟುಂಬ ಪದ್ಧತಿ ರದ್ದು ಮಾಡುವ ಕಾನೂನು 1975ರದ್ದು. ಅದರ ನಂತರ ಒಂದು ಮನೆಯೊಳಗೆ ಇಷ್ಟು ಜನ ಹಕ್ಕುದಾರರು ಎಂದು ಲೆಕ್ಕ ಮಾಡುವ ಕಾಲ ಬಂತು. ಜಾಗಕ್ಕೆ ಗಡಿ ಹಾಕಬಹುದು, ಚಾವಡಿಯನ್ನು ಎಂಟು ಪಾಲು ಮಾಡುವುದು ಹೇಗೆ? ಮನೆಯಲ್ಲಿ ಯಾರೂ ವಾಸ ಇಲ್ಲದೆ ಕೆಲವು ಮಳೆಗಾಲ ಕಳೆಯಿತು. ಒಲೆ ಉರಿಯದ ಮನೆಯ ಮರಕ್ಕೆ ಬೇಗ ಹುಳ ಹಿಡಿಯುತ್ತದೆ. ಅಡುಗೆಯ ಹೊಗೆಯೇ ಅಟ್ಟಕ್ಕೂ ಮಾಡಿಗೂ ಔಷಧಿ. ಒಂದು ಆಷಾಢದಲ್ಲಿ ಪಡುವಣ ಬದಿಯ ಮಾಡು ಕುಸಿಯಿತು. ಕೊನೆಗೆ ಪೇಟೆಯ ಒಬ್ಬ ಮರದ ವ್ಯಾಪಾರಿ ಬಂದು ಟೇಪು ಹಿಡಿದು ಅಳೆದ. ಲೆಕ್ಕ ಎಲ್ಲ ಘನ ಅಡಿಯಲ್ಲಿ. ಕಂಬದ ಮೇಲಿನ ಬಳ್ಳಿ, ಗಿಳಿ, ಬೋದಿಗೆಯ ತಾವರೆ, ಅದಕ್ಕೆ ಬೇರೆ ಲೆಕ್ಕ ಇಲ್ಲವೋ ಎಂದು ನಮ್ಮ ಅತ್ತೆ ಕೇಳಿದರು. "ಕೆತ್ತಿದಲ್ಲಿ ಮರ ಕಡಿಮೆ ಅಲ್ವಾ ಅಮ್ಮ" ಎಂದ. ಅವನ ಲೆಕ್ಕದಲ್ಲಿ ಆಚಾರಿಯ ಕೈಕೆಲಸ ನಷ್ಟದ ಬಾಬ್ತು. ಎಂಟು ಜನ ಸಹಿ ಹಾಕಿದೆವು. ಅದರಲ್ಲಿ ನನ್ನದೂ ಒಂದು ಸಹಿ. ಪತ್ತಾಯದ ಹಲಗೆಗಳು ಲಾರಿಯಲ್ಲಿ ಹೋದವು. ಎಲ್ಲಿಗೆ ಎಂದು ಕೇಳಲಿಲ್ಲ.

ಕೋಝಿಕ್ಕೋಡಿನ ಮನೆಯ ಜಗಲಿಯಲ್ಲಿ ಕೂತಾಗ ಇದೇ ನೆನಪಾಯಿತು. ಆ ಮನೆಯವರೂ ಮನೆಯನ್ನು ಕೆಡವಲಿಕ್ಕೆ ಬಿಟ್ಟವರೇ. ಅವರ ಅದೃಷ್ಟಕ್ಕೆ ಟೇಪು ಹಿಡಿದವನ ಬದಲು ಮನೆಯನ್ನು ಮನೆಯಾಗಿ ನೋಡುವವರು ಸಿಕ್ಕಿದರು. ನಮ್ಮದು ಯಾರ ಹಲಗೆಯ ಕೆಳಗೂ ಬರಲಿಲ್ಲ. ರಾಜ್ಯದ ಹಲಗೆ ಸರಿ ಇಲ್ಲ ಎಂದು ನಾನು ದೂರುವಾಗ, ಹಲಗೆಯೇ ಇಲ್ಲದ ಹಾಗೆ ಮಾಡಿದವನು ನಾನು ಎಂಬುದನ್ನು ಮರೆಯುವ ಹಾಗಿಲ್ಲ.

ಇನ್ನೊಂದು ಮಾತು. ಎಷ್ಟು ಒಳ್ಳೆಯ ಮ್ಯೂಸಿಯಮ್ಮಿಗೂ ಒಂದು ವಸ್ತುವನ್ನು ಸಾಗಿಸುವುದು ಕಷ್ಟ, ಅದು ಮಾತು. ಕಂಬ ಬರುತ್ತದೆ, ಕಂಬದ ಸುತ್ತ ಆಡುತ್ತಿದ್ದ ಮಾತು ಬರುವುದಿಲ್ಲ. ನಮ್ಮ ಮನೆಯ ಮಾತಂತೂ ಮೂರು ನಾಲ್ಕು ಭಾಷೆಗಳ ಹೆಣಿಗೆ. ಮಾಡಿನ ಓರೆ ಮರಕ್ಕೆ ನಾವು ಪಕ್ಕಾಸು ಎನ್ನುತ್ತೇವೆ, ಮಲಯಾಳದಲ್ಲಿ ಕಳುಕ್ಕೋಲ್. ಮರದ ಒಳಮಾಡು ನಮಗೆ ಮುಚ್ಚಿಗೆ, ಅವರಿಗೆ ಮಚ್ಚ್. ಪತ್ತಾಯ ಇಬ್ಬರಿಗೂ ಒಂದೇ. ಹೆಂಚಿನ ಕೆಳಗಿನ ರೀಪು, ಗೋಡೆಯ ಜನೇಲು, ಎರಡೂ ಪೋರ್ಚುಗೀಸರಿಂದ ಬಂದ ಮಾತು. ಇಷ್ಟು ಮಾತನ್ನು ಯಾವ ರಾಜ್ಯದ ಪಾಲಿಗೆ ಹಾಕುತ್ತೀರಿ? ಇದು ನಮ್ಮ ಕಾಸರಗೋಡಿನ ಕಥೆ ಮಾತ್ರ ಅಲ್ಲ. ಸೊಲ್ಲಾಪುರ, ತಾಳವಾಡಿ, ಮಡಕಶಿರಾ ಕಡೆಯ ಕನ್ನಡದವರು ತಮ್ಮ ಹಳೆ ಮನೆಯೊಳಗೆ ನಿಂತು ಒಂದೊಂದಕ್ಕೇ ಹೆಸರು ಹೇಳುತ್ತಾ ಹೋದರೆ ಅವರಿಗೂ ಹೀಗೆಯೇ ಅನಿಸೀತು.

ಹಾಗಾಗಿ ದಕ್ಷಿಣಚಿತ್ರಕ್ಕೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಚೆನ್ನೈಗೆ ಹೋದವರು ಖಂಡಿತ ಹೋಗಿ. ಮಾಸ್ಟ್ರುಗಳು ಮಕ್ಕಳನ್ನು ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಆದರೆ ಹಲಗೆ ಓದುವ ಮೊದಲು ಮಾಡು ನೋಡಲಿಕ್ಕೆ ಹೇಳಿ: ಎಷ್ಟು ಇಳಿಜಾರು, ಯಾವ ಮರ, ಯಾವ ಕಲ್ಲು, ಭತ್ತ ಎಲ್ಲಿ, ಒಲೆ ಎಲ್ಲಿ, ಹೆರಿಗೆಯ ಕೋಣೆ ಎಲ್ಲಿ. ಕಡೆಗೆ ಹಲಗೆ ಓದಲಿ. ಆಗ ಮಕ್ಕಳೇ ಪ್ರಶ್ನೆ ಕೇಳುತ್ತಾರೆ.

ನಮ್ಮ ವಾಚನಾಲಯಕ್ಕೆ ಒಂದು ಕೇಳಿಕೆ. ಮನೆ ಬಿಚ್ಚಿ ತಂದು ನಿಲ್ಲಿಸುವ ಶಕ್ತಿ ನಮಗಿಲ್ಲ, ಹತ್ತು ಎಕರೆಯೂ ಇಲ್ಲ. ಇನ್ನೂರು ಪುಟದ ಒಂದು ಉದ್ದ ಪುಸ್ತಕ ಮಾತ್ರ ಸಾಕು. ಊರಲ್ಲಿ ಇನ್ನೂ ನಿಂತಿರುವ ಹಳೆ ಮನೆ ಒಂದೊಂದಕ್ಕೂ ಎರಡು ಹಾಳೆ. ಒಂದರಲ್ಲಿ ಹೆಜ್ಜೆ ಅಳತೆಯ ನಕ್ಷೆ, ಮರ ಯಾವುದು, ಕಲ್ಲು ಯಾವುದು. ಇನ್ನೊಂದರಲ್ಲಿ ಆ ಮನೆಯ ಅಜ್ಜಿ ಅಜ್ಜಂದಿರು ಒಂದೊಂದು ಭಾಗಕ್ಕೆ ಹೇಳುವ ಹೆಸರು, ತುಳುವಾದರೂ ಸರಿ, ಮಲಯಾಳವಾದರೂ ಸರಿ, ಮರಾಠಿಯೋ ಕೊಂಕಣಿಯೋ ಬ್ಯಾರಿಯೋ ಆದರೂ ಸರಿ, ಹೇಳಿದ ಹಾಗೆಯೇ ಬರೆಯುವುದು. ಬೇಸಾಯಗಾರನ ಮನೆಯಷ್ಟೇ ಪುಟ ಹುಲ್ಲುಮನೆಯ ನೆನಪಿಗೂ ಇರಲಿ. ಶಾಲೆಯ ಮಕ್ಕಳು ಒಂದು ರಜೆಯಲ್ಲಿ ಮಾಡಿ ಮುಗಿಸುವ ಕೆಲಸ ಇದು.

ಮೊದಲ ಹಾಳೆ ನಾನು ಕೊಡುತ್ತೇನೆ. ನಮ್ಮ ಮನೆ ಈಗ ಇಲ್ಲ, ಪಂಚಾಂಗದ ಕಲ್ಲು ಮಾತ್ರ ಉಂಟು. ಅತ್ತೆಗೆ ಎಂಬತ್ತು ದಾಟಿದೆ, ಕಣ್ಣು ಮಂಜು. ಮೊನ್ನೆ ಆ ಕಲ್ಲಿನ ಮೇಲೆ ಕೂರಿಸಿ ಕೇಳಿದೆ. ಕೈ ನೀಡಿ ತೋರಿಸುತ್ತಾ, ಇದು ಚಾವಡಿ, ಇದು ನಡುಕೋಣೆ, ಇಲ್ಲಿ ಪತ್ತಾಯ ಎಂದು ಒಂದೂ ತಪ್ಪದೆ ಹೇಳಿದರು. ನಲವತ್ತೊಂದು ಹೆಸರು ಬರೆದುಕೊಂಡೆ. ಇನ್ನೂ ಉಂಟಂತೆ, ಮುಂದಿನ ವಾರ ನೆನಪು ಮಾಡಿ ಹೇಳುತ್ತೇನೆ ಎಂದಿದ್ದಾರೆ.